ಪ್ರಾಚೀನ ವಸ್ತುಗಳ ಕಾಲನಿರ್ಣಯವು

ನಿಂಬರ್ಗಾ ಮೊದಲಾದ ನಮ್ಮ ಸೀಮೆಯ ಊರುಗಳಲ್ಲಿ ಹಾಳು ಗುಡಿಯನ್ನಾಗಲಿ, ಹೊಲದ ಬದುವಿನ ವೀರಗಲ್ಲನ್ನಾಗಲಿ ತೋರಿಸಿ ಇದು ಎಂದಿನದೆಂದು ಕೇಳಿದರೆ, ‘ಪಾಂಡವರ ಕಾಲದ್ದು’ ಎಂಬ ಉತ್ತರವು ಸಿದ್ಧವಾಗಿರುವದು. ಈ ಮಾತಿನಲ್ಲಿ ಹಳಮೆಯ ಮೇಲಣ ಗೌರವವುಂಟು, ಕಾಲದ ನಿರ್ಣಯವಿಲ್ಲ. ಇತಿಹಾಸವನ್ನು ಬರೆಯಹೊರಟವನು ಪ್ರಮಾಣವಿಲ್ಲದೆ ಒಂದು ಶತಮಾನವನ್ನಾದರೂ ಕೂಡಿಸಲಾಗದು, ಕಳೆಯಲಾಗದು. ಆ ಪ್ರಮಾಣಗಳಾವುವು, ಅವು ಎಷ್ಟರ ಮಟ್ಟಿಗೆ ಸಾಕ್ಷಿ ನುಡಿಯುವವು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು.

ಮೊದಲನೆಯ ಪ್ರಮಾಣವು ತನ್ನ ಕಾಲವನ್ನು ತಾನೇ ಹೇಳುವ ಶಾಸನವು. ಬಾದಾಮಿಯ ಬಂಡೆಯ ಮೇಲಿರುವ ಮೊದಲನೆಯ ಪುಲಕೇಶಿಯ ಶಾಸನದಲ್ಲಿ ಶಕವರ್ಷ 465 ಎಂದಿರುವದು. ಅದಕ್ಕೆ 78ನ್ನು ಕೂಡಿಸಲು ಕ್ರಿ. ಶ. 543 ಆಗುವದು. ಸಂವತ್ಸರ, ಮಾಸ, ತಿಥಿ, ವಾರಗಳೂ ಉಕ್ತವಾಗಿದ್ದರೆ ಪಂಚಾಂಗಗಣಿತದಿಂದ ದಿನವನ್ನೇ ಪರೀಕ್ಷಿಸಬಹುದು. ಅವು ಪರಸ್ಪರ ಹೊಂದದಿದ್ದರೆ ಶಾಸನವು ಸಂಶಯಾಸ್ಪದವಾಗುವದು. ವರ್ಷವೇ ಇಲ್ಲದಲ್ಲಿ, ಕಾಲ ತಿಳಿದ ಶಾಸನಗಳ ಲಿಪಿಯೊಡನೆ ಹೋಲಿಸಿ ಶತಮಾನವನ್ನು ಗೊತ್ತುಪಡಿಸುವರು. ಅಶೋಕನು ತನ್ನ 13ನೆಯ ಶಿಲಾಶಾಸನದಲ್ಲಿ ಐವರು ಯವನರಾಜರನ್ನು ಹೆಸರಿಸಿದ್ದರಿಂದ, ಅವನು ಕ್ರಿಸ್ತಪೂರ್ವ 3ನೆಯ ಶತಮಾನದವನೆಂಬುದು ಸ್ಥಿರಪಟ್ಟಿತು.

ಆದರೆ ಕಲ್ಲಿನ ಕಾಲವೇ ಅದು ಇರುವ ಸ್ಥಳದ ಕಾಲವೆಂದು ತಿಳಿಯಲಾಗದು. ಅಫಜಲಪುರ, ಜೇವರ್ಗಿಗಳ ಸೀಮೆಯನ್ನು ಮುಟ್ಟಿ ಹರಿಯುವ ಭೀಮೆಯ ದಂಡೆಯಲ್ಲಿಯೇ ಚಿತ್ತಾಪುರ ತಾಲೂಕಿನ ಸನ್ನತಿಯುಂಟು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳೀಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಪೀಠವು ಮೌರ್ಯರ ಕಾಲದ ಕಲ್ಲೆಂದು ಗುಡಿಯೂ ಮೌರ್ಯರದಾಗಲಿಲ್ಲ. ಹಳೆಯ ಕಲ್ಲನ್ನು ಮುಂದಿನವರು ತಂದು ಕೂಡಿಸಿದರು. ಅದರ ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ‘ರಾಯ ಅಸೋಕೋ’ ಎಂಬ ಬ್ರಾಹ್ಮೀ ಅಕ್ಷರಗಳುಳ್ಳ ಶಿಲ್ಪವು ದೊರೆಯಿತು. ಹೆಸರು ಅಶೋಕನದಾದರೂ ಕೆತ್ತನೆಯು ತರುವಾಯದ ಸಾತವಾಹನರ ಕಾಲದ್ದು.

ಬರೆಹವಿಲ್ಲದಲ್ಲಿ ಮಣ್ಣೇ ಗ್ರಂಥವು. ಕೆಡಿಸದ ನೆಲದಲ್ಲಿ ಕೆಳಗಿನ ಪದರು ಹಿಂದಿನದು, ಮೇಲಿನದು ಮುಂದಿನದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಹೀಗೆಯೇ ಪದರು ಪದರಾಗಿ ಅಗೆಯಿಸಿದರು. ಚಂದ್ರವಳ್ಳಿಯಲ್ಲಿ ಕ್ರಿ. ಶ. 14ರಿಂದ 37ರ ವರೆಗೆ ಆಳಿದ ರೋಮದ ಟೈಬೀರಿಯಸನ ನಾಣ್ಯವು ದೊರೆಯಿತು. ಅಂಥ ನಾಣ್ಯವುಳ್ಳ ಪದರು ಅವನಿಗಿಂತ ಹಿಂದಿನದಾಗಲಾರದು. ನಾಣ್ಯವು ಬಹುಕಾಲ ಕೈಯಿಂದ ಕೈಗೆ ನಡೆಯುವದರಿಂದ ಮುಂದಿನದಾಗಬಹುದು.

ಇನ್ನು ಭೌತಶಾಸ್ತ್ರದ ಪ್ರಮಾಣವು. 1949ರಲ್ಲಿ ಅಮೇರಿಕೆಯ ವಿಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ಇಂಗಾಲ-14ರ ರೀತಿಯನ್ನು ಪ್ರಕಟಿಸಿದರು. ಜೀವಿಯು ಸತ್ತ ಬಳಿಕ ಅದರೊಳಗಿನ ಈ ಇಂಗಾಲವು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವದು. ಇದ್ದಲಿ, ಎಲುಬು, ಕಾಳುಗಳಿಗೆ ಈ ರೀತಿಯು ಸಲ್ಲುವದು. ಬರಿಯ ಕಲ್ಲಿಗೆ ಸಲ್ಲದು. ಸುಮಾರು 50,000 ವರ್ಷಗಳಾಚೆಗೆ ಮುಟ್ಟದು. ಅದಕ್ಕೂ ಹಿಂದಿನದಕ್ಕೆ ಬೇರೆ ರೀತಿಗಳುಂಟು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಆಯುಧಗಳೊಡನೆ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ, ಆ ನೆಲೆಯು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಿರುವರು.

ಇವೆಲ್ಲವುಗಳಿಂದ ಒಂದು ಮಾತು ಸಿದ್ಧವಾಗುವದು. ವಸ್ತುವಿನಷ್ಟೇ ಅದು ಬಿದ್ದಿರುವ ಸ್ಥಳವೂ ಪ್ರಮಾಣವು. ಹಾಳುದಿಬ್ಬದ ಮಣ್ಣನ್ನು ಹೊಲಕ್ಕೆ ಹೇರಿದರೆ, ಗುರುತಿಡದೆ ವೀರಗಲ್ಲನ್ನು ಕಿತ್ತು ಕಟ್ಟೆಗೆ ಹಾಕಿದರೆ, ಶಾಸನಕ್ಕೆ ಸುಣ್ಣ ಬಳಿದರೆ, ಸಾಕ್ಷಿಯ ಬಾಯಿಯನ್ನೇ ಕಟ್ಟಿದಂತಾಗುವದು. ಆಮೇಲೆ ಯಾವ ವಿದ್ವಾಂಸನೂ ಅದನ್ನು ಮಾತಾಡಿಸಲಾರನು. ಆದುದರಿಂದ ಇಂಥವು ಕಣ್ಣಿಗೆ ಬಿದ್ದಾಗ ಇದ್ದಲ್ಲಿಯೇ ಇರಗೊಟ್ಟು, ಸ್ಥಳವನ್ನು ಬರೆದಿಟ್ಟು, ಬಲ್ಲವರಿಗೆ ತಿಳಿಸುವದು ಗ್ರಾಮಸ್ಥರೆಲ್ಲರ ಕರ್ತವ್ಯವು. ಸಾವಿರ ವರ್ಷದ ಕಲ್ಲಿಗೆ ಐದು ಸಾವಿರ ವರ್ಷದ ಕೀರ್ತಿಯು ಬೇಕಿಲ್ಲ. ಅದರ ನಿಜವಾದ ವಯಸ್ಸೇ ಅದಕ್ಕೆ ಸಾಕಾದ ಗೌರವವು.