ಸ್ವಿಚ್‌ಗೆ ಹಿಡಿದ ಕನ್ನಡಿ: ಏನಿದು ಪೋರ್ಟ್ ಮಿರರಿಂಗ್?

ಪಹಣಿಗಾಗಿ ಸಾಲಿನಲ್ಲಿ ನಿಂತ ರೈತನಿಗೆ ‘ಸರ್ವರ್ ಡೌನ್’ ಎಂಬ ಉತ್ತರ ಹೊಸದೇನಲ್ಲ. ಆದರೆ ದೋಷ ನಿಜಕ್ಕೂ ಸರ್ವರ್‌ನಲ್ಲಿದೆಯೋ, ನಡುವಿನ ಕೇಬಲ್‌ನಲ್ಲಿದೆಯೋ ಅಥವಾ ಅದೇ ಕೊಠಡಿಯ ವೈರಸ್ ತಗುಲಿದ ಗಣಕಯಂತ್ರದಲ್ಲಿದೆಯೋ ಎಂಬುದನ್ನು ಊಹೆಯಿಂದ ನಿರ್ಧರಿಸಲಾಗದು. ಜಾಲದಲ್ಲಿ ಹರಿಯುವ ದತ್ತಾಂಶವನ್ನೇ ನೋಡಿ ತಿಳಿಯುವ ವಿಧಾನಗಳಲ್ಲಿ ಪೋರ್ಟ್ ಮಿರರಿಂಗ್ ಪ್ರಮುಖವಾದುದು.

ಹಿಂದೆ ಬಳಕೆಯಲ್ಲಿದ್ದ ಹಬ್, ಒಂದು ಪೋರ್ಟ್‌ಗೆ ಬಂದದ್ದನ್ನು ಉಳಿದೆಲ್ಲ ಪೋರ್ಟ್‌ಗಳಿಗೂ ಡಂಗುರ ಸಾರಿದಂತೆ ಕಳುಹಿಸುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂಬುದನ್ನು ಕಲಿತು, ಅಂಚೆಯವನಂತೆ ಆ ಮನೆಗೆ ಮಾತ್ರ ತಲುಪಿಸುತ್ತದೆ. ವೇಗವೂ ಗೋಪ್ಯತೆಯೂ ಹೆಚ್ಚಿದವು, ಆದರೆ ತಪಾಸಣೆ ನಡೆಸುವವರಿಗೆ ಪರದೆ ಬಿದ್ದಿತು. ಈ ಪರದೆಯನ್ನು ಸರಿಸಲು ಒಂದು ಪೋರ್ಟ್‌ನ ಸಂಚಾರದ ನಕಲನ್ನು ಇನ್ನೊಂದು ಪೋರ್ಟ್‌ಗೆ ಕಳುಹಿಸಲಾಗುತ್ತದೆ. ಸಿಸ್ಕೊ ಸಂಸ್ಥೆ ಇದನ್ನು ‘ಸ್ಪ್ಯಾನ್’ ಎಂದು ಕರೆಯುತ್ತದೆ. ಆ ಎರಡನೆಯ ಪೋರ್ಟ್‌ಗೆ ಜೋಡಿಸಿದ ಗಣಕಯಂತ್ರದಲ್ಲಿ ವೈರ್‌ಶಾರ್ಕ್ (2006ರವರೆಗೆ ಇದರ ಹೆಸರು ಎಥೆರಿಯಲ್) ತಂತ್ರಾಂಶವಿದ್ದರೆ ಸಾಕು. ಅಗ್ಗದ ಸಾದಾ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ.

ಮಹಾಗಾಂವದ ಸ್ವಿಚ್ಚನ್ನು ಕಲಬುರಗಿಯಲ್ಲಿ ಕುಳಿತು ಗಮನಿಸಬಹುದೇ? ‘ಇಆರ್‌ಸ್ಪ್ಯಾನ್’ ವಿಧಾನದಲ್ಲಿ ನಕಲನ್ನು ಐಪಿ ಜಾಲದ ಮೂಲಕವೇ ದೂರಕ್ಕೆ ಕಳುಹಿಸಬಹುದಾಗಿದೆ. ಆದರೆ ನಕಲೂ ಅದೇ ಕಿರಿದಾದ ಮಾರ್ಗದಲ್ಲಿ ಸಾಗಬೇಕಾದ್ದರಿಂದ ಹೊರೆ ಇಮ್ಮಡಿಯಾದೀತು. ರೋಗಕ್ಕಿಂತ ಔಷಧವೇ ಘೋರವೆನಿಸುವ ಸಂದರ್ಭವಿದು.

ಕನ್ನಡಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 1 ಗಿಗಾಬಿಟ್ ಪೋರ್ಟ್ ಎರಡೂ ದಿಕ್ಕಿನಲ್ಲಿ ತುಂಬಿ ಹರಿದರೆ ಒಟ್ಟು 2 ಗಿಗಾಬಿಟ್ ಆಗುತ್ತದೆ. ನಕಲಿನ ಪೋರ್ಟ್ ಹೊರಹಾಕಬಲ್ಲದ್ದು 1 ಗಿಗಾಬಿಟ್ ಮಾತ್ರ, ಉಳಿದದ್ದು ಬಿದ್ದುಹೋಗುತ್ತದೆ. ಹೀಗಾಗಿ ನಕಲಿನಲ್ಲಿ ಇಲ್ಲದ ಪ್ಯಾಕೆಟ್ ತಂತಿಯಲ್ಲೂ ಇರಲಿಲ್ಲ ಎನ್ನಲಾಗದು. ಕೆಟ್ಟ ಕೇಬಲ್‌ನಿಂದ ಹಾಳಾದ ಫ್ರೇಮ್‌ಗಳನ್ನು ಸ್ವಿಚ್ ಸಾಮಾನ್ಯವಾಗಿ ಮೊದಲೇ ತಿರಸ್ಕರಿಸುವುದರಿಂದ ಅವೂ ಕಾಣಿಸವು. ಆದ್ದರಿಂದ ಮೊದಲು ಪೋರ್ಟ್‌ನ ದೋಷಗಳ ಎಣಿಕೆ ನೋಡುವುದೇ ಜಾಣತನ. ಎಸ್‌ಎನ್‌ಎಂಪಿ ಮೂಲಕ ಸಂಚಾರ ಅಳೆಯುವವರೂ ಎಚ್ಚರ ವಹಿಸಬೇಕು: 100 ಮೆಗಾಬಿಟ್ ವೇಗ ತುಂಬಿ ಹರಿದರೆ 32 ಬಿಟ್ ಎಣಿಕೆ ಆರು ನಿಮಿಷದೊಳಗೆ ಮತ್ತೆ ಸೊನ್ನೆಗೆ ಮರಳುತ್ತದೆ. 64 ಬಿಟ್ ಎಣಿಕೆಯನ್ನೇ ಬಳಸುವುದು ಲೇಸು.

ನಕಲು ಎಂದರೆ ಪರರ ಮಾತು ಎಂಬುದನ್ನು ಮರೆಯಲಾಗದು. ಗೂಢಲಿಪಿಯಿಲ್ಲದ ಜಾಲತಾಣಕ್ಕೆ ಕಳುಹಿಸಿದ ಗುಪ್ತಪದ ಇಲ್ಲಿ ನೇರವಾಗಿ ಓದಸಿಗುತ್ತದೆ. ಗೂಢಲಿಪಿ ಇದ್ದರೂ ಯಾರು ಯಾವ ಸರ್ವರನ್ನು ಸಂಪರ್ಕಿಸಿದರು ಎಂಬುದು ತಿಳಿಯುತ್ತದೆ. ಜಾಲದ ಹೊಣೆ ಹೊತ್ತವರ ಅನುಮತಿಯಿಲ್ಲದೆ ದತ್ತಾಂಶ ನಕಲು ಮಾಡಿದರೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ಪರಿಹಾರ ತೆರಬೇಕಾಗುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಎಸಗಿದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಿಇಆರ್‌ಟಿ–ಇನ್ 2022ರ ಏಪ್ರಿಲ್‌ನಲ್ಲಿ 180 ದಿನ ಕಾಯ್ದಿಡುವಂತೆ ಸೂಚಿಸಿದ್ದು ವ್ಯವಸ್ಥೆಯ ಲಾಗ್‌ಗಳನ್ನು. ಅದನ್ನೇ ನೆಪವಾಗಿಸಿ ಎಲ್ಲರ ಸಂಚಾರವನ್ನೂ ಸೆರೆಹಿಡಿದಿಡುವುದು ಸರಿಯಲ್ಲ.

ಪರೀಕ್ಷೆ ಮುಗಿದ ಕೂಡಲೇ ಮಿರರಿಂಗ್ ಸೆಷನ್ ಅಳಿಸಬೇಕು. ಸಿಸ್ಕೊ ಸ್ವಿಚ್‌ಗಳಲ್ಲಿ ‘ನೋ ಮಾನಿಟರ್ ಸೆಷನ್ 1’ ಎಂಬ ಒಂದೇ ಆದೇಶ ಸಾಕು. ಅಳಿಸದೆ ಬಿಟ್ಟರೆ ಮುಂದೆ ಆ ಪೋರ್ಟ್‌ಗೆ ಲ್ಯಾಪ್‌ಟಾಪ್ ಚುಚ್ಚಿದವರಿಗೆಲ್ಲ ಕಚೇರಿಯ ಸಂಚಾರ ಕಾಣಿಸುತ್ತಲೇ ಇರುತ್ತದೆ.