ತೋಪು ಎಳೆದ ಎತ್ತುಗಳು, ಅವನ್ನು ಸಾಕಿದ ಕೈಗಳು

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪಿಯುಸಿ ಹುಡುಗನೊಬ್ಬ ಕೇಳಿದ: "ಅಣ್ಣಾ, ಮಿಲಿಟರಿಯಲ್ಲೂ ದನದ ಡಾಕ್ಟ್ರ ಸಹಾಯಕರ ಕೆಲಸ ಇರ್ತದಂತೆ, ಹೌದಾ?"

ಹೌದು. ಸೇನೆಯಲ್ಲಿ ರಿಮೌಂಟ್ ಆಂಡ್ ವೆಟರ್ನರಿ ಕೋರ್ ಅಂತ ಒಂದು ವಿಭಾಗವೇ ಇದೆ. ಅದರ ತರಬೇತಿ ಕೇಂದ್ರ ಮೀರತ್‌ನಲ್ಲಿ. ಕುದುರೆ, ಹೇಸರಗತ್ತೆ, ನಾಯಿ ಅಲ್ಲಿಯ ರೋಗಿಗಳು. ಗಾಯ ತೊಳೆದು ಕಟ್ಟುವುದು, ಜ್ವರ ನೋಡುವುದು, ಇಂಜೆಕ್ಷನ್ ಕೊಡುವುದು, ಗೊರಸು ನೋಡುವುದು, ರೋಗ ಬಂದದ್ದನ್ನು ಬೇರೆ ಕಟ್ಟುವುದು. ನಮ್ಮ ಕೊಟ್ಟಿಗೆಯ ಕೆಲಸವೇ, ಸಮವಸ್ತ್ರ ಹಾಕಿಕೊಂಡು.

ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆ ಇತ್ತು. ಹೈದರಾಲಿ ಅದನ್ನು ದಂಡಿನ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟು, ದನಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹುಕುಂನಾಮೆಯನ್ನೇ ಬರೆಸಿದ. ಮೇಯಲು ಕಾವಲುಗಳಿದ್ದವು.

1783ರಲ್ಲಿ ಇಂಗ್ಲಿಷರು ಬಿದನೂರು ಹಿಡಿದರು. ಅದೇ ಇಂದಿನ ಹೊಸನಗರ ತಾಲೂಕಿನ ನಗರ, ಸಾಗರ ದಾಟಿದರೆ ನಮಗೆ ದೂರವಲ್ಲ. ಟಿಪ್ಪು ಆಗ ಪೂರ್ವದ ಕಡೆ ಯುದ್ಧದಲ್ಲಿದ್ದ. ಸುಮಾರು ಒಂದು ತಿಂಗಳಲ್ಲಿ ಅತ್ತಣಿಂದ ಇತ್ತ ಬಂದು ಊರು ಮರಳಿ ಪಡೆದ. ತೋಪು, ಸಾಮಾನು ಎಳೆದದ್ದು ಈ ಎತ್ತುಗಳು. ದಾರಿಯಲ್ಲಿ ಕುಂಟಿದ ಎತ್ತನ್ನು ಸರಿಮಾಡಿ ಮರುದಿನ ನೊಗಕ್ಕೆ ಹೂಡುವಂತೆ ಮಾಡುವವನಿಲ್ಲದೆ ಅಂಥ ಓಟ ಸಾಧ್ಯವಿತ್ತೇ? ದಂಡನಾಯಕರ ಹೆಸರು ಗೊತ್ತು, ಇವರದ್ದು ಗೊತ್ತಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸಲು ಹಿಂಡುಗಳನ್ನು ಮಾರಿಬಿಟ್ಟರು. ಒಳ್ಳೆ ಎತ್ತು ಸಿಗದೆ ಸೇನೆ ಪರದಾಡಿತು, 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ದನ ಸಾಕಿದವರಿಗೆ ಇದು ಮೊದಲೇ ಗೊತ್ತಿರುವ ಮಾತು: ತಳಿ ಒಮ್ಮೆ ಚದುರಿದರೆ ಮತ್ತೆ ಕೂಡಿಸುವುದು ಸುಲಭವಲ್ಲ. ಈಗ ಆ ತಳಿಯನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರದಲ್ಲಿ ಸಾಕುತ್ತಾರೆ.

ಕುದುರೆಯ ಕತೆಯೂ ಹೀಗೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜತೆ ಹೈಫಾ ಗೆದ್ದರು. ದಿಲ್ಲಿಯ ತೀನ್‌ಮೂರ್ತಿಯಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ನೆನಪಿಗೆ. ಮೂರೂ ಸವಾರರ ಪ್ರತಿಮೆಗಳೇ, ಆದರೆ ಒಂದು ಕುದುರೆಯೂ ಇಲ್ಲ! ಲಾಳ ಹೊಡೆದವನಂತೂ ದೂರದ ಮಾತು.

ಹುಡುಗನಿಗೆ ಇಷ್ಟೆಲ್ಲ ಹೇಳಲು ಶಿರಸಿ ಬಸ್ಸು ಬಿಡಲಿಲ್ಲ. ಸೇನಾ ನೇಮಕಾತಿಯಲ್ಲಿ 'ನರ್ಸಿಂಗ್ ಅಸಿಸ್ಟೆಂಟ್ ವೆಟರ್ನರಿ' ಎಂಬ ಹೆಸರು ಹುಡುಕು ಎಂದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಬೇಕು. ಅವರ ಮನೆಯಲ್ಲಿ ನಾಲ್ಕು ಮಲೆನಾಡು ಗಿಡ್ಡ ಇವೆಯಂತೆ. ಕಾಲುಬಾಯಿ ಜ್ವರ ಬಂದಾಗ ದಿನಾ ಹುಣ್ಣು ತೊಳೆದವನು ಇವನೇ.

"ಸೈನ್ಸ್ ತಗಂಡಿದ್ದೀಯಾ ತಮ್ಮಾ?" ಎಂದೆ.

"ಹ್ಞೂಂ ಅಣ್ಣಾ, ಬಯಾಲಜಿ ಅಡ್ಡಿಲ್ಲೆ. ಇಂಗ್ಲಿಷೇ ಕಷ್ಟ" ಎಂದ.