ಎರಡು ತಲೆಯ ಬೇಟೆಹಕ್ಕಿ ಸರ್ಕಾರಿ ಮೊಹರಿಗೆ ಬಂದ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಗೆ ಬರುವ ಕೆಎಸ್‌ಆರ್‌ಟಿಸಿ ಬಸ್ಸಿನ ಲಾಂಛನದಲ್ಲೂ, ಬೆಂಗಳೂರಿನಿಂದ ಬರುವ ಸರ್ಕಾರಿ ಆದೇಶದ ತಲೆಯ ಮೇಲೂ ಒಂದೇ ಹಕ್ಕಿ. ಪಕ್ಷಿಶಾಸ್ತ್ರದ ಯಾವ ಪುಸ್ತಕದಲ್ಲೂ ಸಿಗದ ಗಂಡಭೇರುಂಡ ಅದು. ಆದರೂ ಬೇಟೆಹಕ್ಕಿಯ ಲಕ್ಷಣಗಳೆಲ್ಲ ಅದಕ್ಕಿವೆ. ಕೊಕ್ಕು ಬಾಗಿದೆ, ಉಗುರು ಹರಿತ, ಹಿಡಿಯುವುದೋ ಆನೆಯನ್ನು.

ಇದನ್ನು ಯಾರೋ ಒಂದು ದಿನ ಸಭೆ ಕೂಡಿಸಿ ಆರಿಸಿದರೆಂದು ತಿಳಿದರೆ ತಪ್ಪಾಗುತ್ತದೆ. ಈ ಹಕ್ಕಿ ರಾಜ್ಯದ ಲಾಂಛನವಾಗುವ ಬಹಳ ಮೊದಲು ಒಬ್ಬ ಸಾಮಂತನ ಬಿರುದಾಗಿತ್ತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಒಂದು ಎತ್ತರದ ಕಂಬ ನಿಂತಿತು. ನಿಲ್ಲಿಸಿದವನು ಬನವಾಸಿಯನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸ. ಅವನ ಒಡೆಯ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ. ಕಂಬದ ತುದಿಯಲ್ಲಿರುವ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಗಂಡಭೇರುಂಡ ಎಂಬುದು ಚಾಮುಂಡರಾಯರಸನ ಬಿರುದುಗಳಲ್ಲಿ ಒಂದು. ಆ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವ ‘ಭೇರುಂಡ ಗಳೆ’ಯ ಮಾತೂ ಬರುತ್ತದೆ. ಅಂದರೆ ಸಾವಿರ ವರ್ಷದ ಹಿಂದೆಯೇ ಈ ಹಕ್ಕಿ ಕಂದಾಯದ ಕೆಲಸಕ್ಕೆ ಇಳಿದಿತ್ತು! ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಚಕ್ರವರ್ತಿಯಾದ ಚಾಲುಕ್ಯನ ಲಾಂಛನ ವರಾಹ, ಕದಂಬರದು ಸಿಂಹ, ಹೊಯ್ಸಳರದು ಹುಲಿಯನ್ನು ಇರಿಯುವ ವೀರ. ಗಂಡಭೇರುಂಡ ಆಗ ಯಾವ ದೊಡ್ಡ ಮನೆತನದ ಗುರುತೂ ಅಲ್ಲ. ಅದು ಕೆಳಗಿನಿಂದ ಮೇಲಕ್ಕೆ ಏರಿದ ಗುರುತು.

ಏರಿದ ದಾರಿ ಶಿಲ್ಪಗಳಲ್ಲಿ ಕಾಣುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದನ್ನೊಂದು ನುಂಗುವ ಪ್ರಾಣಿಗಳ ಸರಣಿಯಿದೆ. ಜಿಂಕೆಗೆ ಹಾವು, ಹಾವಿಗೆ ಆನೆ, ಆನೆಗೆ ಸಿಂಹ, ಸಿಂಹಕ್ಕೆ ಪುರಾಣದ ಮೃಗ ಶರಭ. ಶರಭನ ಮೇಲೆ ಎರಗುವುದು ಗಂಡಭೇರುಂಡ. ಬಲದ ಲೆಕ್ಕದಲ್ಲಿ ಅದರಾಚೆಗೆ ಯಾರೂ ಇಲ್ಲ. ಕೆಳದಿಯ ರಾಮೇಶ್ವರ ದೇವಾಲಯದ ಮುಚ್ಚಿಗೆಯಲ್ಲೂ ಅದು ರೆಕ್ಕೆ ಬಿಚ್ಚಿ ಕೂತಿದೆ. ವಿಜಯನಗರದ ಅಚ್ಯುತರಾಯನ ಕಾಲಕ್ಕೆ (1529–1542) ಚಿನ್ನದ ನಾಣ್ಯಕ್ಕೂ ಬಂತು. ಕೊಕ್ಕಿನಲ್ಲಿ, ಕಾಲಿನಲ್ಲಿ ಆನೆಗಳನ್ನು ಹಿಡಿದ ಆ ಪುಟ್ಟ ಹಕ್ಕಿ ಇಂದಿಗೂ ನಾಣ್ಯ ಸಂಗ್ರಾಹಕರ ಅಚ್ಚುಮೆಚ್ಚು. ಜನರ ಕೈಯಿಂದ ಕೈಗೆ ಓಡಾಡುವ ನಾಣ್ಯದ ಮೇಲೆ ಕೂತ ಮೇಲೆ ಅದನ್ನು ಬರಿಯ ಬಿರುದೆನ್ನಲಾಗದು.

ಜೋಡಿತಲೆಯ ಹಕ್ಕಿ ಕನ್ನಡ ನಾಡಿನದೇ ಸ್ವತ್ತೇನಲ್ಲ. ತಕ್ಷಶಿಲೆಯ ಸಿರ್ಕಪ್‌ನಲ್ಲಿ ಕ್ರಿಸ್ತಶಕದ ಆರಂಭಕಾಲದ ಒಂದು ಸ್ತೂಪದ ಮೇಲೆ ಅದಿದೆ. ರಷ್ಯಾದ ಮೂರನೆಯ ಇವಾನ್ 1497ರ ಮುದ್ರೆಯಲ್ಲಿ ಎರಡು ತಲೆಯ ಹದ್ದನ್ನು ಬಳಸಿದ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1993ರಲ್ಲಿ ಅದು ಮತ್ತೆ ರಷ್ಯಾದ ಲಾಂಛನವಾಯಿತು. ಆದರೆ ಆ ಹದ್ದು ಕಾಲಲ್ಲಿ ರಾಜದಂಡ ಹಿಡಿದು ಗಂಭೀರವಾಗಿ ನಿಲ್ಲುತ್ತದೆ. ನಮ್ಮ ಶಿಲ್ಪಗಳ ಗಂಡಭೇರುಂಡಕ್ಕೆ ಬೇಟೆಯ ಕೆಲಸ ಮುಗಿಯುವುದೇ ಇಲ್ಲ. ಪಂಚತಂತ್ರದ ಭಾರುಂಡ ಹಕ್ಕಿಯೋ ಇನ್ನೂ ಬೇರೆ: ಹೊಟ್ಟೆ ಒಂದು, ತಲೆ ಎರಡು, ತಲೆಗಳ ಜಗಳದಲ್ಲಿ ಸಾಯುತ್ತದೆ. ಆಳುವವರು ಆ ಕಥೆಯನ್ನು ಮರೆತದ್ದೇ ಒಳ್ಳೆಯದಾಯಿತು.

ಮೈಸೂರು ಒಡೆಯರ ಕೈಯಲ್ಲಿ ಹಕ್ಕಿಗೆ ಈಗಿನ ರೂಪ ಬಂತು. 1912ರಲ್ಲಿ ಮುಗಿದ ಅರಮನೆಯ ಅಲಂಕಾರದಲ್ಲಿ, 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಯಲ್ಲಿ ಅದು ನೆಲೆಯಾಯಿತು. ದಿಬ್ಬೂರಹಳ್ಳಿ, ಚಿಂತಾಮಣಿ, ಗೌರಿಬಿದನೂರುಗಳೆಲ್ಲ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಈ ಕಡೆಯ ಜನರಿಗೆ ಗಂಡಭೇರುಂಡ ಅಜ್ಜನ ಕಾಲದ ಪರಿಚಯ. ಮುಂಬೈ ಆಡಳಿತದಲ್ಲಿದ್ದ ಧಾರವಾಡ, ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿಗೆ ಅದು ಅಧಿಕೃತವಾಗಿ ಬಂದದ್ದು 1956ರ ನವೆಂಬರ್ 1ರ ಏಕೀಕರಣದ ಜೊತೆಗೆ. ಸಂಸ್ಥಾನದ ಲಾಂಛನವನ್ನೇ ತುಸು ತಿದ್ದಿ, ಮೇಲೆ ಅಶೋಕನ ಸಿಂಹಗಳನ್ನು ಕೂರಿಸಿ, ಕೆಳಗೆ ‘ಸತ್ಯಮೇವ ಜಯತೇ’ ಬರೆದರು. ಇಬ್ಬದಿಯ ಆನೆಮೊಗದ ಸಿಂಹಗಳು ಹಾಗೇ ಉಳಿದವು. 1973ರಲ್ಲಿ ‘ಮೈಸೂರು’ ಹೋಗಿ ‘ಕರ್ನಾಟಕ’ ಬಂತು, ಹಕ್ಕಿ ಮಾತ್ರ ಕದಲಲಿಲ್ಲ. ಅರಸೊತ್ತಿಗೆಯ ಗುರುತನ್ನು ಪ್ರಜಾಸರ್ಕಾರ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ವಿಚಿತ್ರವೇ.

ಜೀವಂತ ಹಕ್ಕಿಯನ್ನು ಆರಿಸುವಾಗ ಕರ್ನಾಟಕ ಬೇಟೆಗಾರರತ್ತ ನೋಡಲಿಲ್ಲ. ರಾಜ್ಯಪಕ್ಷಿ ನೀಲಕಂಠ. ತಂತಿಯ ಮೇಲೆ ಕೂತು ಹೊಲದ ಮಿಡತೆ ಹಿಡಿಯುವ ಇದನ್ನು ಗಡಿಯಾಚೆಯ ತೆಲುಗರು ಪಾಲಪಿಟ್ಟ ಎನ್ನುತ್ತಾರೆ. ತೆಲಂಗಾಣ, ಒಡಿಶಾಗಳಿಗೂ ಇದೇ ರಾಜ್ಯಪಕ್ಷಿ. ನಿಜವಾದ ಬೇಟೆಹಕ್ಕಿಯನ್ನು ಆರಿಸಿದ್ದು ಪಂಜಾಬ್. 1989ರಲ್ಲಿ ಅದು ಬಾಜ್ ಹಕ್ಕಿಯನ್ನು ರಾಜ್ಯಪಕ್ಷಿ ಮಾಡಿತು, ಗುರು ಗೋಬಿಂದ ಸಿಂಗರ ನೆನಪಿಗೆ. ಆದರೆ ಬಾಜ್ ಗೂಡು ಕಟ್ಟುವುದು ಹಿಮಾಲಯದ ಕಾಡುಗಳಲ್ಲಿ, ಪಂಜಾಬಿನ ಗೋಧಿ ಹೊಲಗಳಲ್ಲಲ್ಲ. ಕಣ್ಣಿಗೆ ಬೀಳದ ಹಕ್ಕಿಯನ್ನು, ಕರ್ನಾಟಕ ಲಾಂಛನಕ್ಕೆ, ಪಂಜಾಬ್ ರಾಜ್ಯಪಕ್ಷಿಯಾಗಿ, ಆರಿಸಿದ ಮಟ್ಟಿಗೆ ಎರಡೂ ರಾಜ್ಯಗಳು ಹತ್ತಿರದವೇ.

ಲಾಂಛನವಾದರೆ ಹಕ್ಕಿಗೆ ರಕ್ಷಣೆ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಅಮೆರಿಕ 1782ರಲ್ಲೇ ಬಿಳಿತಲೆಯ ಹದ್ದನ್ನು ಮುದ್ರೆಗೆ ತಂದಿತು. ಇಪ್ಪತ್ತನೆಯ ಶತಮಾನದಲ್ಲಿ ಕೀಟನಾಶಕ ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅದೇ ಹದ್ದು ಅಳಿವಿನ ಅಂಚಿಗೆ ಬಂತು. 1972ರಲ್ಲಿ ಡಿಡಿಟಿ ನಿಷೇಧವಾಯಿತು, ಹಕ್ಕಿ ಚೇತರಿಸಿತು. ಕಾನೂನಿನ ಪ್ರಕಾರ ‘ರಾಷ್ಟ್ರಪಕ್ಷಿ’ ಎನಿಸಿಕೊಳ್ಳಲು 2024ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಅದೇ ಕಥೆ ರಣಹದ್ದಿನದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳನ್ನು ಕೊಂದಿತು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆ ನಿಂತಿತು, 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ಈ ರಕ್ಷಣೆ ಸಿಕ್ಕಿದ್ದು ನಮ್ಮ ಲಾಂಛನದಲ್ಲಿ ಇಲ್ಲದ ಹಕ್ಕಿಗೆ.

ಲಾಂಛನದ ಹಕ್ಕಿಗೆ ಮರಳಿದರೆ, 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ನಾಡಧ್ವಜದ ವಿನ್ಯಾಸವನ್ನು ಮುಂದಿಟ್ಟಿತು. ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಮತ್ತೆ ಗಂಡಭೇರುಂಡ. ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟಕ್ಕೆ ಒಗ್ಗಿಹೋಗಿದ್ದ ಕನ್ನಡಪರ ಹೋರಾಟಗಾರರಲ್ಲಿ ಹಲವರು ತಕರಾರು ತೆಗೆದದ್ದು ನಡುವಿನ ಬಿಳಿ ಪಟ್ಟಿಯ ಬಗ್ಗೆ.